ಮುಂಡೇವಿನ ಎಲೆಯ ಮೂತಿ ಹುಳು

ಅಷ್ಟಮಿಗೆ ಇನ್ನು ನಾಲ್ಕು ದಿನ ಇತ್ತು. ಕಡುಬು ಬೇಯಿಸಲು ಎಲೆ ಸುತ್ತಿ ಮಾಡಿದ ಮೂಡೆ ತರೋಣವೆಂದು ಕಾಪುವಿಗೆ ಹೋಗಿದ್ದೆ. ಅಲ್ಲಿ ನನಗೆ ಹಲವು ವರ್ಷಗಳಿಂದ ಮೂಡೆ ಕೊಡುತ್ತಿದ್ದ ಹೆಂಗಸು ಜಗಲಿಯಲ್ಲಿ ಕೂತು, ಬೆಂಕಿಗೆ ಬಾಡಿಸಿದ, ಕೇದಗೆ ಜಾತಿಯ ಮುಂಡೇವಿನ ಉದ್ದುದ್ದ ಎಲೆಗಳನ್ನು ಸುರುಳಿ ಸುತ್ತಿ ಮುಳ್ಳು ಚುಚ್ಚುತ್ತಿದ್ದರು. ನಾನು ತುಳುವಿನಲ್ಲಿ ಮಾತಾಡಿಸಿದರೂ, ಟೀಚರಿಗೆ ಕನ್ನಡವೇ ಸರಿ ಎಂಬಂತೆ ಅವರು ಕನ್ನಡದಲ್ಲೇ ಉತ್ತರಿಸುವುದು ರೂಢಿ. ಪಕ್ಕದಲ್ಲಿ ಬಿಸಾಡಿದ ಎಲೆಗಳ ರಾಶಿ ಇತ್ತು. ಒಂದನ್ನು ಎತ್ತಿ ನೋಡಿದೆ. ಎಲೆಗೆ ಅಡ್ಡವಾಗಿ, ಹೊಲಿಗೆ ಯಂತ್ರ ಓಡಿಸಿದ ಹಾಗೆ, ಒಂದೇ ಸಾಲಿನಲ್ಲಿ ಸಣ್ಣ ಸಣ್ಣ ತೂತುಗಳು.

"ಅದು ಬೇಡ ಟೀಚರೇ, ಹಿಟ್ಟು ಸೋರ್ತದೆ."

"ಈ ತೂತು ಎಂತದ್ದು?"

"ಒಂದು ಪುರಿ ಉಂಟು, ಹುಳು. ಎಲೆ ಸುಳಿಯೊಳಗೆ ಮಡಚಿಕೊಂಡು ಇರುವಾಗಲೇ ಕೊರೆದು ಹಾಕ್ತದೆ. ಎಲೆ ಬಿಡಿಸಿದ ಮೇಲೆ ಸಾಲು ತೂತು ಕಾಣ್ತದೆ, ಅಲ್ವಾ?"

ಅವರು ಮನೆಯ ಎದುರಿನ ನೀರ ತೋಡಿನ ಬದಿಗೆ ಕರೆದುಕೊಂಡು ಹೋಗಿ ಮುಂಡೇವಿನ ಒಂದು ಸುಳಿ ಬಿಡಿಸಿದರು. ಒಳಗೆ ಅಕ್ಕಿ ನುಚ್ಚಿನಷ್ಟೇ ಇದ್ದ ಕಪ್ಪು ಹುಳು, ಮುಂದಕ್ಕೆ ಬಾಗಿದ ಉದ್ದ ಮೂತಿ. ಮುಟ್ಟಿದ್ದೇ ಕಾಲು ಮಡಚಿಕೊಂಡು ಸತ್ತಂತೆ ಬಿತ್ತು. ಉಡುಪಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ನನಗೆ ಅದು ಯಾವ ಹುಳು ಎಂದು ಗೊತ್ತಾಗಲಿಲ್ಲ. ಮತ್ತೂ ಸುಳಿ ಬಿಡಿಸಿ ಸಿಕ್ಕಿದ ನಾಲ್ಕನ್ನು ಮಾತ್ರೆಯ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಮೂಡೆ ತರಲು ಮರೆತೇಬಿಟ್ಟೆ.

ಪುಸ್ತಕಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಮೂತಿ ಹುಳುಗಳನ್ನೇ ಜೀವಮಾನವೆಲ್ಲ ನೋಡಿದ, ದೂರದ ಊರಿನಲ್ಲಿರುವ ನಿವೃತ್ತ ವಿಜ್ಞಾನಿಯೊಬ್ಬರಿಗೆ ಚಿತ್ರ ಕಳಿಸಿದೆ. ಮೂರು ವಾರ ಉತ್ತರವಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. "ಹೊಸ ಪ್ರಭೇದವೇ ಇರಬಹುದು ಮೇಡಂ. ಆದರೆ ಗಂಡಿನ ಜನನಾಂಗ ನೋಡದೆ ಏನೂ ಹೇಳಬಾರದು. ಗಂಡು ಇದೆಯಾ?"

ನಾಲ್ಕರಲ್ಲಿ ಒಂದೇ ಒಂದು ಗಂಡು. ಮಣಿಪಾಲದಲ್ಲಿ ಗೆಳತಿಯ ಪ್ರಯೋಗಾಲಯದಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಇತ್ತು. ಅಲ್ಲಿ ಕೂತು ಅದರ ಹೊಟ್ಟೆ ಬಿಡಿಸಿದೆ. ಕೂದಲಿಗಿಂತ ತುಸು ದಪ್ಪದ, ಕೊಕ್ಕೆಯಂಥ ಆ ಭಾಗ ಸೂಜಿಯ ತುದಿಗೆ ಬಂತು. ಗಾಜಿನ ಪಟ್ಟಿಗೆ ಇಳಿಸಬೇಕು ಎನ್ನುವಾಗ ಸೀನು ಬಂತು. ಅಷ್ಟೇ. ಸೂಜಿ ಖಾಲಿ. ಮೊಣಕಾಲೂರಿ ಮೇಜಿನ ಕೆಳಗೆ, ಸೀರೆಯ ನೆರಿಗೆಯಲ್ಲಿ, ಟೈಲ್ಸಿನ ಸಂದಿಯಲ್ಲಿ ಹುಡುಕಿದೆ. ಗೆಳತಿ ಬಂದು "ಎಂತ ಹುಡುಕ್ತಾ ಇದ್ದೀ ಮಾರಾಯ್ತಿ?" ಎಂದಾಗ "ಕಿವಿಯೋಲೆ" ಎಂದು ಸುಳ್ಳು ಹೇಳಿದೆ. ಯಾಕೆ ಹಾಗೆ ಹೇಳಿದೆನೋ ಇಂದಿಗೂ ತಿಳಿಯದು.

ಅಂದಿನಿಂದ ನನಗೆ ಒಂದು ಕಡೆ ಕೂರಲಾಗಲಿಲ್ಲ. ಬೇರೆ ಯಾರೋ ಇದೇ ಹುಳು ಹಿಡಿದಿದ್ದರೆ? ಅಥವಾ ನೂರು ವರ್ಷದ ಹಿಂದೆಯೇ ಯಾರಾದರೂ ಬರೆದಿಟ್ಟಿದ್ದರೆ? ತರಗತಿಯಲ್ಲಿ ಮಾತು ನಡುವೆ ನಿಂತುಹೋಗುತ್ತಿತ್ತು. ಕಾಪುವಿಗೆಂದು ಹತ್ತಿದ ಬಸ್ಸಿನಿಂದ ಕಟಪಾಡಿಯಲ್ಲೇ ಇಳಿದುಬಿಟ್ಟೆ; ಬಸ್ಸು ಹೋದ ಮೇಲೆ ತಪ್ಪು ಗೊತ್ತಾಯಿತು. ಕಾಪುವಿನಲ್ಲಿ ಎರಡು ಸಲ ಹುಡುಕಿದಾಗಲೂ ಸಿಕ್ಕಿದ್ದು ಬರೀ ಹೆಣ್ಣು. ಕಾರ್ಕಳದ ಕಡೆ ತೋಡುಗಳ ಬದಿಯ ಮುಂಡೇವಿನಲ್ಲಿ ಎರಡು ಭಾನುವಾರ ಸುಳಿ ಬಿಡಿಸಿದೆ. ಅಂಗೈ, ಮುಂಗೈಯೆಲ್ಲ ಮುಳ್ಳು ಗೀರಿದ್ದು ಬಿಟ್ಟರೆ ಒಂದು ತೂತೂ ಕಾಣಲಿಲ್ಲ.

ಅಷ್ಟರಲ್ಲಿ ಕಾಪುವಿನ ಹೆಂಗಸಿನ ಫೋನ್ ಬಂತು.

"ಟೀಚರೇ, ತೋಡು ಸ್ವಚ್ಛ ಮಾಡ್ಲಿಕ್ಕೆ ಜೆಸಿಬಿ ಬಂದುಂಟು. ಮುಂಡೇವು ಪೂರಾ ಎಳೀತಾ ಇದ್ದಾರೆ. ನಾನು ಬೇಡ ಅಂದ್ರೂ ಕೇಳುವುದಿಲ್ಲ."

ತರಗತಿಯನ್ನು ಸಹೋದ್ಯೋಗಿಗೆ ಒಪ್ಪಿಸಿ ಓಡಿದೆ. ನಾನು ಅಲ್ಲಿಗೆ ಮುಟ್ಟುವಾಗ ತೋಡಿನ ಎರಡೂ ಬದಿ ಹಸಿ ಕೆಂಪು ಮಣ್ಣು. ಗಿಡಗಳನ್ನು ಲಾರಿಯಲ್ಲಿ ಸಾಗಿಸಿ ಆಗಿತ್ತು. ನಾನು ಅಲ್ಲೇ ರಸ್ತೆ ಬದಿಯಲ್ಲಿ ನಿಂತು ಅತ್ತೆ. ಆ ಹೆಂಗಸು ನನ್ನ ತೋಳು ಹಿಡಿದು ಮನೆಗೆ ಎಳೆದುಕೊಂಡು ಹೋದರು. ಬಚ್ಚಲಲ್ಲಿ ಒದ್ದೆ ಗೋಣಿ ಇತ್ತು. ಅದರ ತುಂಬ ಸುಳಿಗಳು.

"ಡ್ರೈವರ್ ಚಾ ಕುಡೀಲಿಕ್ಕೆ ಹೋದಾಗ ಕತ್ತಿ ಹಿಡ್ಕೊಂಡು ಹೋದೆ. ನಿಮ್ಮ ಪುರಿ ಉಂಟಾ ನೋಡಿ."

ಹನ್ನೊಂದು ಸಿಕ್ಕಿದವು. ಮೂರು ಗಂಡು. ಸಂತೋಷದಿಂದ ಡಬ್ಬಿಗೆ ತುಂಬಿಕೊಂಡೆ. ಮಾದರಿಗೆಂದು ಹನ್ನೊಂದನ್ನೂ ಕೊಂದೆ. ಆ ತೋಡಿನಲ್ಲಿ ಉಳಿದಿದ್ದವು ಅಷ್ಟೇ ಇರಬಹುದೆಂಬ ಯೋಚನೆ ಆಮೇಲೆ ಬಂತು. ಬಂದದ್ದು ಹೋಗಲಿಲ್ಲ.

ಹುಳುವಿನ ವಿವರ ಬರೆಯುವ ಕೆಲಸಕ್ಕೆ ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಆ ವಿಜ್ಞಾನಿ ಪ್ರತಿ ಸಾಲಿಗೂ ಪ್ರಶ್ನೆ ಹಾಕುತ್ತಿದ್ದರು. ಕಪ್ಪು ಎಂದರೆ ಎಂಥ ಕಪ್ಪು? ಹೊಳೆಯುವುದೋ, ಮಂಕೋ? ಮೂತಿ ಬಾಗುವುದು ಬುಡದಲ್ಲೋ, ನಡುವಿನಲ್ಲೋ? ನಾನು ಮತ್ತೆ ಮಣಿಪಾಲಕ್ಕೆ ಹೋಗುವುದು, ನೋಡುವುದು, ಬರೆದದ್ದನ್ನು ಹೊಡೆದುಹಾಕುವುದು. ಹಳೆಯ ಸಂಗ್ರಹಾಲಯಗಳ ಮಾದರಿಗಳಿಗೆಲ್ಲ ಹೋಲಿಸಿದ ಮೇಲೆ ಅವರು "ಇನ್ನು ಅನುಮಾನವಿಲ್ಲ ಮೇಡಂ" ಎಂದ ದಿನ, ಸೀನಿನ ಕಥೆಯನ್ನು ಅವರಿಗೆ ಹೇಳಿಬಿಟ್ಟೆ. ಅವರು ಬಹಳ ಹೊತ್ತು ನಕ್ಕು, ತಾನೊಮ್ಮೆ ಇಡೀ ಹುಳುವನ್ನೇ ಚಾದಲ್ಲಿ ಕುಡಿದದ್ದುಂಟು ಎಂದರು.

ಲೇಖನ ಅಚ್ಚಾಯಿತು. ಪ್ರತಿ ತೆಗೆದುಕೊಂಡು ಕಾಪುವಿಗೆ ಹೋದೆ. ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ತೋರಿಸಿದೆ. ಅವರು ಬೆರಳಿಟ್ಟು ಅಕ್ಷರಗಳನ್ನು ಮುಟ್ಟಿದರು. ಆಮೇಲೆ ಪುಟ ಮಗುಚಿ ದೊಡ್ಡದಾಗಿ ಅಚ್ಚಾದ ಹುಳುವಿನ ಚಿತ್ರ ನೋಡಿದರು.

"ಇದಕ್ಕೆ ಮದ್ದು ಎಂತ ಅಂತ ಬರ್ದಿದ್ದೀರಾ ಟೀಚರೇ? ಹಿತ್ತಿಲಲ್ಲಿ ಹೊಸ ಮುಂಡೇವು ನೆಟ್ಟಿದ್ದೇನೆ."

ಹದಿನಾಲ್ಕು ಪುಟಗಳಲ್ಲಿ ಅದೊಂದು ಇರಲಿಲ್ಲ. ಅದು ಎಲ್ಲಿ ಮೊಟ್ಟೆ ಇಡುತ್ತದೆ, ಮರಿ ಏನು ತಿನ್ನುತ್ತದೆ, ಎಷ್ಟು ದಿನ ಬದುಕುತ್ತದೆ, ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ಇಷ್ಟು ಬರೆದು ಗೊತ್ತಿಲ್ಲವಾ?" ಎಂದರು. ಕುಹಕವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಮುಂದಿನ ಶನಿವಾರ ಬಂದು ನೋಡುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಹುಳು ಅವರ ಹಿತ್ತಿಲಿಗೂ ಬರಲಿ ಎಂದು ಹಾರೈಸುವುದೋ, ಬಾರದಿರಲಿ ಎಂದೋ? ಉಡುಪಿ ಮುಟ್ಟಿದರೂ ಅದು ತೀರ್ಮಾನವಾಗಲಿಲ್ಲ.