ಬೆನ್ನ ಹಿಂದಿನ ಬೆಲ್ಲ

ಆಳಂದದ ಮೋಟಾರ್‌ಸೈಕಲ್ ಕ್ಲಬ್ಬಿನವರು ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಯ ಮರುದಿನ, ಹೆಂಡಂದಿರನ್ನು ಹಿಂದೆ ಕೂರಿಸಿಕೊಂಡು ಅಫಜಲಪುರ ದಾಟಿ ಸೊನ್ನದ ಹೊಳೆದಂಡೆಗೆ ಹೋಗಿ, ಬುತ್ತಿ ಉಂಡು, ಜೇವರ್ಗಿ ಮೇಲೆ ಸುತ್ತು ಹಾಕಿ ಬೇರೆ ದಾರಿಯಲ್ಲಿ ಊರಿಗೆ ಬರುತ್ತಿದ್ದರು. ಗಂಡ ಚಂದ್ರಾಮಪ್ಪನ ರಾಜದೂತ್ ಗಾಡಿಯನ್ನು ಸಾಬವ್ವ ಹತ್ತುತ್ತಿದ್ದದ್ದು ಆ ಒಂದು ದಿನ ಮಾತ್ರ.

ಸೀರೆ ಉಟ್ಟ ಹೆಂಗಸು ಗಾಡಿ ಮೇಲೆ ಬೇರೆ ಹೇಗೆ ಕೂತಾಳು? ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುತ್ತಿದ್ದಳು. ಹಾಗಾಗಿ ಅವಳಿಗೆ ಕಂಡದ್ದೆಲ್ಲ ರಸ್ತೆಯ ಎಡಗಡೆಯೇ: ಬಿಳಿಜೋಳದ ಹೊಲ, ಗಾಡಿಗಳ ಸದ್ದಿಗೆ ಕತ್ತೆತ್ತುವ ಎಮ್ಮೆಗಳು. ಅಫಜಲಪುರ ಹತ್ತಿರಾದಂತೆ ಪ್ರತಿ ವರ್ಷವೂ ಬೆನ್ನ ಹಿಂದಿನಿಂದ ಬಿಸಿ ಬೆಲ್ಲದ ವಾಸನೆ ತೇಲಿ ಬರುತ್ತಿತ್ತು. ತಿರುಗಿದರೆ ಗಾಡಿ ವಾಲುತ್ತಿತ್ತು. "ಸುಮ್ಮ ಕೂಡ ಬೇ," ಅನ್ನುತ್ತಿದ್ದ ಗಂಡ. ಅವಳು ಕಣ್ಣು ಮುಚ್ಚಿ, ಕಾಣದ ಆ ಕಬ್ಬಿನ ಗಾಣವನ್ನು ಒಮ್ಮೆ ಬಾವಿಯ ಪಕ್ಕ, ಒಮ್ಮೆ ಮಾವಿನ ನೆರಳಲ್ಲಿ ಇಟ್ಟು ನೋಡುತ್ತಿದ್ದಳು.

ಒಂದು ವರ್ಷ ಜೇವರ್ಗಿ ರಸ್ತೆ ಕಿತ್ತುಹಾಕಿದ್ದರು. ಕ್ಲಬ್ಬು ಹೋದ ದಾರಿಯಲ್ಲೇ ಮರಳಿತು. ಹೋಗುವಾಗ ಬೆನ್ನಿಗಿದ್ದದ್ದೆಲ್ಲ ಈಗ ಅವಳ ಕಣ್ಣೆದುರು ಬಂತು. ಇಳಿಬಿಸಿಲಲ್ಲಿ ಹಳದಿ ಕುಸುಬಿ ಹೂ, ಅದರಾಚೆ ಹೊಗೆ, ಕೊಪ್ಪರಿಗೆ ತಿರುವುತ್ತಿದ್ದ ಒಬ್ಬ ಮುದುಕಿ. ಗಾಣಕ್ಕೆ ಬಾವಿಯೂ ಇರಲಿಲ್ಲ, ಮಾವೂ ಇರಲಿಲ್ಲ. ಮುದುಕಿ ಸೌಟು ಎತ್ತಿ ಕರೆದಳು. ಸಾಬವ್ವನೂ ಕೈ ಎತ್ತಿದಳು.

"ಗಾಣ ನೋಡಿದ್ರೇನ್ರಿ?"

"ಯಾವ ಗಾಣ?" ಅಂದ ಚಂದ್ರಾಮಪ್ಪ. "ಮುಂದಿನ ಗಾಡಿ ಬಿಟ್ಟು ನಾ ಎಂದ್ ಏನ್ ನೋಡೇನಿ?"

ಸಾಬವ್ವನಿಗೆ ಪಾಪ ಅನ್ನಿಸಿತು. ಅವನ ಹೆಗಲಿಗೆ ಕೈ ಇಟ್ಟು, ಆಳಂದ ಬರುವ ತನಕ, ಎಡಕ್ಕೆ ಕಂಡದ್ದನ್ನೆಲ್ಲ ಅವನ ಕಿವಿಯಲ್ಲಿ ಹೇಳುತ್ತ ಬಂದಳು.