ಡಿಕ್ಕಿ ತಟ್ಟುವ ಅಕ್ಕ

ಹೊತ್ತು ಮುಳುಗುತ್ತಿದೆ. ಡ್ರೈವ್-ಇನ್ ಚಿತ್ರಮಂದಿರದ ಗೇಟಿನಲ್ಲಿ ಕಾರುಗಳು ಸಾಲುಗಟ್ಟಿವೆ. ಸೂರಿಲ್ಲ, ಕುರ್ಚಿಯಿಲ್ಲ; ಬಯಲಲ್ಲಿ ಒಂದು ದೊಡ್ಡ ಪರದೆ, ಅದರೆದುರು ಕಾರು ನಿಲ್ಲಿಸಿ ಒಳಗೇ ಕೂತು, ಕಾರಿನ ರೇಡಿಯೊದಲ್ಲಿ ಮಾತು ಕೇಳುತ್ತ ಸಿನಿಮಾ ನೋಡುವುದು. ಗೇಟಿನ ಅಕ್ಕ ಟಿಕೆಟ್ ಹರಿದು ಕೊಟ್ಟು ಕಾರಿನ ಹಿಂದಕ್ಕೆ ಹೋಗುತ್ತಾರೆ. ಡಿಕ್ಕಿಯನ್ನು ಎರಡು ಸಲ ತಟ್ಟಿ ಕಿವಿಯಿಡುತ್ತಾರೆ. ಆಮೇಲೇ ಒಳಗೆ ಬಿಡುವುದು. ಬಂದವರಿಗೆ ಇದೊಂದು ತಮಾಷೆ. ‘ಡಿಕ್ಕಿ ಅಕ್ಕ’ ಎಂದೇ ಹೆಸರಿಟ್ಟಿದ್ದಾರೆ.

ಗೆಳೆಯರ ಗುಂಪು ಬಂತೆಂದರೆ ಅಕ್ಕ ಇನ್ನಷ್ಟು ಹೊತ್ತು ಕಿವಿಯಿಡುತ್ತಾರೆ. ಟಿಕೆಟ್ ಉಳಿಸಲು, ಅದಕ್ಕಿಂತ ಹೆಚ್ಚಾಗಿ ಮಜಾಕ್ಕೆ, ಒಬ್ಬರನ್ನು ಡಿಕ್ಕಿಯಲ್ಲಿ ತುರುಕಿ ತರುವುದು ಇಲ್ಲಿನ ಹಳೇ ಚೇಷ್ಟೆ. ಕೆಲವು ವರ್ಷಗಳ ಹಿಂದೆ ಹಾಗೆ ತಂದವರು ಕೀಲಿ ಜೇಬಿಗೆ ಹಾಕಿಕೊಂಡು ತಿಂಡಿ ಕೌಂಟರಿನಲ್ಲಿ ಹರಟೆಗೆ ನಿಂತುಬಿಟ್ಟಿದ್ದರು. ಒಳಗಿದ್ದವನು ಬಡಿದದ್ದೇ ಬಡಿದದ್ದು. ಪರದೆಯ ಮೇಲೆ ಹೊಡೆದಾಟ, ಎಲ್ಲ ಕಾರುಗಳ ರೇಡಿಯೊದಲ್ಲೂ ಅದೇ ಸದ್ದು. ಪಕ್ಕದಲ್ಲೇ ಹಾದುಹೋಗುತ್ತಿದ್ದ ಅಕ್ಕನಿಗೆ ಹೇಗೋ ಕೇಳಿಸಿತು. ತೆಗೆಸಿದಾಗ ಅವನು ಬೆವರಲ್ಲಿ ತೊಯ್ದು ಮಾತಿಲ್ಲದೆ ಬಿದ್ದಿದ್ದ. ಬದುಕಿಕೊಂಡ, ಪುಣ್ಯ. ಅಕ್ಕನ ನೆಮ್ಮದಿ ಮಾತ್ರ ಅಂದೇ ಹೋಯಿತು.

ಮ್ಯಾನೇಜರಿಗೆ ಈ ತಟ್ಟಾಟ ಹಿಡಿಸುವುದಿಲ್ಲ. ಗಿರಾಕಿಗಳನ್ನು ಕಳ್ಳರಂತೆ ಕಾಣುತ್ತಾರೆಂದು ದೂರುಗಳಿವೆ. ಇನ್ನೊಂದು ಬಂದರೆ ಗೇಟಿನ ಕೆಲಸ ಬಿಡಿಸುತ್ತೇನೆ ಎಂದಿದ್ದಾರೆ. ಮನೆಯಲ್ಲಿ ಗಂಡನದು ಬೇರೆ ರಾಗ: ಬೀರುವನ್ನೂ ತಟ್ಟಿಯೇ ತೆಗೆಯುತ್ತೀಯಲ್ಲೇ ಎಂದು ರೇಗಿಸುತ್ತಾರಂತೆ.

ಈ ಸಂಜೆ ಒಂದು ಕೆಂಪು ಕಾರು ಬರುತ್ತದೆ. ಒಳಗೆ ಮೂವರು ಗೆಳತಿಯರು, ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಗುತ್ತಾರೆ. ಕಾರಿನ ಹಿಂಭಾಗ ಭಾರಕ್ಕೆ ತಗ್ಗಿದೆ. ಅಕ್ಕ ತಟ್ಟುತ್ತಾರೆ, ಒಳಗಿನಿಂದ ಸದ್ದಿಲ್ಲ. ಹಾಸಿಗೆ, ದಿಂಬು ಅಷ್ಟೇ ಎನ್ನುತ್ತಾಳೆ ಕಾರು ಓಡಿಸುವವಳು. ತೆಗೆಸಬೇಕು ಎನ್ನುವಷ್ಟರಲ್ಲಿ ಹಿಂದಿನ ಬಿಳಿ ಕಾರು ಒಂದೇ ಸಮ ಹಾರ್ನ್ ಬಾರಿಸತೊಡಗುತ್ತದೆ. ಆಫೀಸಿನ ಕಿಟಕಿಯಲ್ಲಿ ಮ್ಯಾನೇಜರ್ ಇಣುಕುತ್ತಾರೆ. ಅಕ್ಕ ಕೆಂಪು ಕಾರನ್ನು ಬಿಟ್ಟುಬಿಡುತ್ತಾರೆ. ಕಣ್ಣು ಅದರ ಮೇಲೇ ಇರುವಾಗ ಬಿಳಿ ಕಾರೂ ಒಳಗೆ ಹೋಗುತ್ತದೆ.

ಸಿನಿಮಾ ಶುರುವಾಗುತ್ತದೆ. ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಗೇಟನ್ನು ಕಾವಲುಗಾರನಿಗೆ ಒಪ್ಪಿಸಿ, ಸಾಲು ಸಾಲು ಹುಡುಕಿ, ಕೆಂಪು ಕಾರಿನ ಕಿಟಕಿ ಬಡಿಯುತ್ತಾರೆ. ಗೆಳತಿಯರಿಗೆ ಕೆಟ್ಟ ಸಿಟ್ಟು. ದೂರು ಕೊಡುತ್ತೇವೆ ಎನ್ನುತ್ತಲೇ ಡಿಕ್ಕಿ ತೆಗೆಯುತ್ತಾರೆ. ನೋಡಿದರೆ ನಿಜಕ್ಕೂ ಹಾಸಿಗೆ, ದಿಂಬು, ನೀರಿನ ಕ್ಯಾನು. ಅಕ್ಕ ಮೂಲೆ ಮೂಲೆಗೂ ಕೈಯಾಡಿಸಿ, ಅಲ್ಲೇ ನೆಲದ ಮೇಲೆ ಕೂರುತ್ತಾರೆ.

“ಟಿಕೆಟ್ ಯಾರಿಗೆ ಬೇಕಮ್ಮಾ? ಒಳಗೆ ಉಸಿರು ಕಟ್ಟಿದ್ರೆ ಏನ್ ಮಾಡ್ತೀರಿ? ಒಂದ್ಸಲ ಕಣ್ಣಾರೆ ನೋಡಿದೀನಿ ನಾನು.”

ಕಾರು ಓಡಿಸುವವಳ ಮುಖ ಬಿಳಿಚಿಕೊಳ್ಳುತ್ತದೆ. “ಅಕ್ಕಾ, ಬಿಳಿ ಕಾರೂ ನಮ್ಮವರದೇ. ನನ್ ತಂಗಿ ಅದ್ರ ಡಿಕ್ಕೀಲಿದಾಳೆ.”

ಗಮನ ತಪ್ಪಿಸಲೆಂದೇ ಹಾರ್ನ್ ಹೊಡೆದಿದ್ದರು. ಅಕ್ಕ ಎದ್ದೋಡುತ್ತಾರೆ. ಕೊನೆಯ ಸಾಲಿನಲ್ಲಿ ಬಿಳಿ ಕಾರಿನ ಹಿಂದೆ ಇಬ್ಬರು ಗೆಳೆಯರು ಕೀಲಿ ತಿರುಗಿಸುತ್ತ ಒದ್ದಾಡುತ್ತಿದ್ದಾರೆ. ಬೀಗ ಸಿಕ್ಕಿಕೊಂಡಿದೆ. ಬೈಸಿಕೊಳ್ಳುವ ಹೆದರಿಕೆಗೆ ಯಾರನ್ನೂ ಕರೆದಿಲ್ಲ. ಅಕ್ಕ ಅವರನ್ನು ಪಕ್ಕಕ್ಕೆ ತಳ್ಳಿ, ಕಾರಿನೊಳಗೆ ನುಗ್ಗಿ ಹಿಂದಿನ ಸೀಟು ಮಡಚಿ, ಡಿಕ್ಕಿಯ ಕತ್ತಲೊಳಕ್ಕೆ ತೋಳು ಚಾಚುತ್ತಾರೆ. ಒದ್ದೆ ಕೈಯೊಂದು ಅವರ ಬೆರಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಎಳೆದುಕೊಂಡ ಮೇಲೆ ಆ ಹುಡುಗಿಗಿಂತ ಅಕ್ಕನೇ ಹೆಚ್ಚು ಅಳುತ್ತಾರೆ.

ಅಷ್ಟರಲ್ಲಿ ಮ್ಯಾನೇಜರ್ ಬಂದು, ಬಿಳಿ ಕಾರನ್ನು ತಟ್ಟದೆ ಬಿಟ್ಟದ್ದೇಕೆ ಎಂದು ಬೈಯುತ್ತಾರೆ. ನೋಡಿ, ಈಗ ತಟ್ಟಬೇಕಂತೆ! ಅಕ್ಕ ಕಣ್ಣೊರೆಸಿಕೊಂಡು, ತಡವಾಗಿ ಬಂದ ಕಾರೊಂದು ಕಾಯುತ್ತಿರುವ ಗೇಟಿಗೆ ಮರಳುತ್ತಾರೆ. ಅದರ ಡಿಕ್ಕಿ ತಟ್ಟಿ, ಕಿಟಕಿಯಿಂದ ಇಣುಕಿದವರ ಕಡೆ ತಿರುಗುತ್ತಾರೆ.

“ಹಿಡೀಬೇಕು ಅಂತ ತಟ್ಟೋದಲ್ಲ ಕಣ್ರೀ,” ಎನ್ನುತ್ತಾರೆ. “ಖಾಲಿ ಇರ್ಲಪ್ಪಾ ಅಂತ ತಟ್ಟೋದು.”