ಊಟದ ರೆಕಾರ್ಡು

ಏಕಾಂತಯ್ಯನವರಿಗೆ ಸಂಗೀತದ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ. ಶಬ್ದದ ಬಗ್ಗೆ ಮಾತ್ರ ಇದೆ. ಮದುವೆ ಮನೆಯ ಶಬ್ದ ಊರಾಚೆಯ ತೋಟದಲ್ಲಿ ಕಾಯಿ ಕೀಳುತ್ತಿರುವವನಿಗೂ ಕೇಳಬೇಕು, ಕೇಳದಿದ್ದರೆ ಮದುವೆ ಮಾಡಿ ಏನು ಪ್ರಯೋಜನ ಎನ್ನುವುದು ಅವರ ನಿಲುವು. ಅರಸೀಕೆರೆಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಮೈಕ್ ಸೆಟ್ ಅಂಗಡಿ ಇರುವುದರಿಂದ ಈ ನಿಲುವಿನ ಪರಿಣಾಮಗಳನ್ನು ನಾನು ಬಹಳ ವರ್ಷ ಅನುಭವಿಸಿದ್ದೇನೆ. ಎರಡು ಸಲ ಲಿಖಿತವಾಗಿ ದೂರು ಕೊಟ್ಟಿದ್ದೇನೆ. ಎರಡು ಸಲವೂ ಅವರೇ ಬಂದು, ದೂರಿನ ಭಾಷೆ ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದರು.

ಅವರ ಮನೆತನ ಹಾರನಹಳ್ಳಿಯ ತೆಂಗಿನ ಮನೆತನ. ಅಣ್ಣಂದಿರು ಕೊಬ್ಬರಿ ವ್ಯಾಪಾರಕ್ಕೆ ಇಳಿದು ಮೈಕೈ ತುಂಬಿಕೊಂಡರು. ಇವರಿಗೆ ಕೊಬ್ಬರಿ ಮಂಡಿಯ ಬಾಗಿಲಿಗೆ ಹೋದರೆ ಸಾಕು, ಸೀನು ಹಿಡಿಯುತ್ತದೆ. ಹುಡುಗನಾಗಿದ್ದಾಗ ಮಠದ ಸಮಾರಂಭವೊಂದರಲ್ಲಿ ಮರ ಹತ್ತಿ ಮೈಕಿನ ಹಾರ್ನ್ ಕಟ್ಟುತ್ತಿದ್ದವನನ್ನು ನೋಡಿ, ವೇದಿಕೆಯ ಮೇಲಿದ್ದ ಎಲ್ಲರಿಗಿಂತ ಅವನೇ ದೊಡ್ಡವನೆಂದು ತೀರ್ಮಾನಿಸಿದರು. "ಯಾರ್ ಎಷ್ಟ್ ಮಾತಾಡುದ್ರೂ ಸ್ವಿಚ್ಚು ಅವನ ಕೈಲಿತ್ತು ಮೇಡಮ್ಮೋರೆ" ಎಂದು ನನಗೆ ವಿವರಿಸಿದ್ದಾರೆ.

ನಾನು ಹೇಳಬೇಕೆಂದಿರುವ ರೆಕಾರ್ಡು ಅವರ ಕೈಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಬೆಂಗಳೂರಿನ ಯಾವುದೋ ಹೋಟೆಲಿನವರು ಡ್ಯಾನ್ಸ್ ಹಾಲ್ ಮುಚ್ಚಿ ಸಾಮಾನು ಮಾರುತ್ತಿದ್ದರು. ಇವರು ಒಂದು ಆಂಪ್ಲಿಫೈಯರ್ ಕೊಂಡು ರೈಲಿನಲ್ಲಿ ತಂದರು. ಪೆಟ್ಟಿಗೆಯೊಳಗೆ ಅದು ಅಲುಗಾಡದಿರಲಿ ಎಂದು ಮಾರಿದವನು ಸಂದಿಗೆ ಒಂದು ದೊಡ್ಡ ಗ್ರಾಮಫೋನ್ ರೆಕಾರ್ಡನ್ನು ತುರುಕಿದ್ದ. ಅದರ ನಡುವಿನ ಕಾಗದ ಬರೀ ಬಿಳಿ. ಹೆಸರಿಲ್ಲ, ಊರಿಲ್ಲ. ಹಾಕಿ ನೋಡಿದರೆ ಹಾಡೂ ಇಲ್ಲ. ಒಂದೇ ಅಳತೆಯಲ್ಲಿ ದುಂ, ದುಂ, ದುಂ, ದುಂ ಎಂಬ ಬಡಿತ. ಮೇಲೆ ಯಾರೋ ಖಾಲಿ ಬಾಟಲಿಗೆ ಚಮಚದಿಂದ ತಟ್ಟಿದಂಥ ಸದ್ದು. ಕೆಳಗೆ, ಹಸಿದ ಹೊಟ್ಟೆಯಂತೆ ಗುರುಗುಟ್ಟುತ್ತ ಮೇಲೆ ಹತ್ತಿ ಕೆಳಗೆ ಇಳಿಯುವ ಇನ್ನೊಂದು ಸದ್ದು. ಇದು ಹಾರ್ನ್ ಪರೀಕ್ಷಿಸಲೆಂದೇ ಕಂಪನಿಯವರು ಮಾಡಿದ ರೆಕಾರ್ಡು ಎಂದು ಏಕಾಂತಯ್ಯನವರು ನಿರ್ಧರಿಸಿ, ಹಾಗೇ ಬಳಸತೊಡಗಿದರು.

ಅದು ಊಟದ ರೆಕಾರ್ಡು ಆದದ್ದಕ್ಕೆ ಜಗಳ ಕಾರಣ. ಬೇಲೂರಿನ ಒಂದು ಮದುವೆಯಲ್ಲಿ ಮದುಮಗ ಮೊದಲ ತುತ್ತು ಎತ್ತುವ ಹೊತ್ತಿಗೆ ಸರಿಯಾಗಿ ಇವರ ಹಾರ್ನಿನಲ್ಲಿ ವಿರಹದ ಸಿನಿಮಾ ಹಾಡು ಬಂತು. ಮದುಮಗನ ಸೋದರಮಾವ ಅಪಶಕುನವೆಂದು ಎಲೆ ಬಿಟ್ಟು ಎದ್ದ. ಅವನನ್ನು ಮತ್ತೆ ಕೂರಿಸುವಷ್ಟರಲ್ಲಿ ಸಾರು ಆರಿಹೋಯಿತು. ಮುಂದಿನ ಮದುವೆಯಲ್ಲಿ ಭಕ್ತಿಗೀತೆ ಹಾಕಿದರೆ, ಎಂಜಲು ಕೈಯಲ್ಲಿ ದೇವರ ನಾಮ ಕೇಳಿಸುತ್ತೀರಾ ಎಂದು ಹಿರಿಯರು ಗದರಿದರು. ಬೇಸತ್ತ ಏಕಾಂತಯ್ಯನವರು, ಮಾತೇ ಇಲ್ಲದ ಮೇಲೆ ತಪ್ಪು ಹುಡುಕುವುದು ಯಾರಿಗೂ ಸಾಧ್ಯವಿಲ್ಲವೆಂದು, ಮೂರನೆಯ ಮದುವೆಯ ಊಟಕ್ಕೆ ಪರೀಕ್ಷೆಯ ರೆಕಾರ್ಡನ್ನೇ ಹಾಕಿದರು. ಯಾರೂ ತಪ್ಪು ಹುಡುಕಲಿಲ್ಲ. ಅಂದಿನಿಂದ ಅದೇ ಪದ್ಧತಿ.

ಕೆಲವೇ ವರ್ಷಗಳಲ್ಲಿ ಹಳೇಬೀಡಿನಿಂದ ಮಾಲೇಕಲ್ಲಿನವರೆಗೆ ಆ ಬಡಿತ ಕಿವಿಗೆ ಬಿದ್ದರೆ ಜನ ಕೈ ತೊಳೆಯಲು ಏಳುವಂತಾಯಿತು. ಎಲೆ ಹಾಕಿದೆ, ಏಳಿ ಎಂದು ಕರೆಯುವ ಕೆಲಸವೇ ತಪ್ಪಿತು. ಒಮ್ಮೆ ಅಂಗಡಿಯಲ್ಲಿ ರಿಪೇರಿಯ ನಡುವೆ ಹಾಕಿದಾಗ, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಒಳಗೆ ಬಂದು ಪಂಕ್ತಿ ಎಲ್ಲಿ ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ನನ್ನ ಹೊಟ್ಟೆಯ ವಿಷಯ ಇಲ್ಲಿ ಅಪ್ರಸ್ತುತ.

ಆಮೇಲೆ ಡಿಜೆಗಳು ಬಂದರು. ಹಾಸನ ರಸ್ತೆಯ ರಾಹುಲ್ ಎಂಬ ಯುವಕ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳನ್ನೂ ಬಣ್ಣದ ದೀಪಗಳನ್ನೂ ತಂದ. ಏಕಾಂತಯ್ಯನವರ ಹಾರ್ನುಗಳು ಒಂದೊಂದಾಗಿ ಅಟ್ಟ ಸೇರಿದವು. "ಸಾಕ್ ಬಾರೋ, ಮಂಡೀಲಿ ಬಂದು ಗಲ್ಲಾ ಮೇಲೆ ಕೂತ್ಕೋ" ಎಂದು ಹಿರಿಯಣ್ಣ ವಾರಕ್ಕೊಮ್ಮೆ ಹೇಳಿ ಕಳುಹಿಸುತ್ತಿದ್ದರು. ಅದನ್ನು ಕೇಳಿದರೇ ಇವರಿಗೆ ಸೀನು ಬರುತ್ತಿತ್ತು.

ಉಳಿದದ್ದು ಒಂದೇ ಆಸರೆ. ಹಳೇಬೀಡಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಉಷಾರಾಣಿ ಈ ಬೇಸಿಗೆಯಲ್ಲಿ ಮಗಳ ಮದುವೆ ಇಟ್ಟುಕೊಂಡರು. ಊಟಕ್ಕೆ ಆ ರೆಕಾರ್ಡನ್ನು ಮೊದಲ ಸಲ ಹಾಕಿದ ಮೂರನೆಯ ಮದುವೆ ಈ ಉಷಾರಾಣಿಯದೇ. ಬೆಂಗಳೂರಿನ ಬೀಗರು ಡಿಜೆ ಬೇಕೆಂದರು. ಉಷಾರಾಣಿ ಸಂಜೆಯ ಆರತಕ್ಷತೆಯನ್ನು ರಾಹುಲನಿಗೂ, ಮುಹೂರ್ತ ಮತ್ತು ಊಟವನ್ನು ಏಕಾಂತಯ್ಯನವರಿಗೂ ಹಂಚಿದರು.

"ಏಕಾಂತಣ್ಣ, ಆ ರೆಕಾರ್ಡ್ ಇಲ್ದೆ ಇದ್ರೆ ನಮ್ಮ ಕಡೆಯೋರು ಊಟಕ್ಕೆ ಏಳೋದೇ ಇಲ್ಲ, ಅದಕ್ಕೆ ನೀವು ಬೇಕು. ಅದಿಲ್ಲ ಅಂದ್ರೆ ಎಲ್ಲಾ ರಾಹುಲ್ ಒಬ್ಬನಿಗೇ ಒಪ್ಪಿಸ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದರು. ಮುಖ್ಯೋಪಾಧ್ಯಾಯಿನಿಯರು ಮಾತನ್ನು ಮುಚ್ಚಿಟ್ಟು ಆಡುವುದಿಲ್ಲ.

ಈ ಮದುವೆ ಸರಿಹೋದರೆ ಇನ್ನೆರಡು ಮನೆಯವರು ಕರೆಯುವುದಾಗಿ ಹೇಳಿದ್ದರು. ತಪ್ಪಿದರೆ ಕೊಬ್ಬರಿ ಮಂಡಿ.

ಮದುವೆಗೆ ಒಂದು ವಾರವಿದ್ದಾಗ ಏಕಾಂತಯ್ಯನವರು ಮಾಲೇಕಲ್ಲಿನ ಬೆಟ್ಟದ ಕೆಳಗೆ ಒಂದು ನಾಮಕರಣ ಮುಗಿಸಿ, ರೆಕಾರ್ಡನ್ನು ಲಗೇಜ್ ಆಟೋದ ಗಾಜಿನ ಹತ್ತಿರ ಇಟ್ಟು, ಹೋಳಿಗೆ ಊಟ ಮಾಡಿ, ಮರದಡಿ ಮಲಗಿದರು. ಎದ್ದು ನೋಡಿದರೆ ಅದು ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಎದ್ದು ನಿಂತಿತ್ತು. ಮನೆಗೆ ತಂದಾಗ ಹೆಂಡತಿ ಕಮಲಾಕ್ಷಮ್ಮ ಅದರ ಮೇಲೆ ಒದ್ದೆ ಪಂಚೆ ಹಾಸಿ ಇಸ್ತ್ರಿ ಮಾಡಿದರು. ರೆಕಾರ್ಡು ಚಪ್ಪಟೆಯಾಯಿತು. ಅದರ ಗೆರೆಗಳೂ ಆದವು.

"ಮುಳ್ಳಿಟ್ರೆ ಜಾರ್ಕಂಡ್ ಹೋಯ್ತದೆ ಮೇಡಮ್ಮೋರೆ. ಬಚ್ಚಲು ಮನೆ ನೆಲ ಆಗೋಯ್ತು" ಎಂದು ಏಕಾಂತಯ್ಯನವರು ನನ್ನ ಜಗುಲಿಯ ಮೇಲೆ ಕೂತರು.

"ಸುಕ್ಕು ಬಿಡಿಸ್ದೆ. ಬಿಸಿಲಲ್ಲಿ ಸಂಡಿಗೆ ಥರ ಒಣಗಾಕಿದ್ದು ಯಾರು?" ಎಂದರು ಹಿಂದೆಯೇ ಬಂದ ಕಮಲಾಕ್ಷಮ್ಮ.

ಅದೇ ಸದ್ದನ್ನು ಬೇರೆಲ್ಲಿಂದಾದರೂ ಹುಡುಕಬೇಕು. ಹೆಸರು ಗೊತ್ತಿಲ್ಲ, ಮಾತಿಲ್ಲ, ಹುಡುಕುವುದು ಹೇಗೆ? ವಿಷಯ ಉಷಾರಾಣಿಗೆ ತಿಳಿದು, ಅವರು ರಾಹುಲನನ್ನೇ ಅಟ್ಟಿದರು. ಅವನಿಗೆ ಏಳನೆಯ ತರಗತಿಯಲ್ಲಿ ಪಾಠ ಹೇಳಿದವರು ಅವರು. ಇಲ್ಲವೆನ್ನುವ ಧೈರ್ಯ ಅವನಿಗಿರಲಿಲ್ಲ.

ರಾಹುಲ್ ಫೋನನ್ನು ಏಕಾಂತಯ್ಯನವರ ಬಾಯಿಯ ಮುಂದೆ ಹಿಡಿದ. "ಗುನುಗಿ ಅಂಕಲ್. ಯಾವ ಸಾಂಗ್ ಆದ್ರೂ ಇದು ಹಿಡಿಯುತ್ತೆ."

ಏಕಾಂತಯ್ಯನವರು ಕಣ್ಣು ಮುಚ್ಚಿ ದುಂ ದುಂ ಎಂದರು. ಫೋನು ಅದನ್ನು ಪಂಜಾಬಿ ಹಾಡೆಂದಿತು. ಇನ್ನೊಮ್ಮೆ ಎಂದರು. ಮಗು ಮಲಗಿಸುವ ಹಾಡೆಂದಿತು.

"ನಿಮಗೆ ಬರೀ ದುಂ ನೆಪ್ಪೈತೆ" ಎಂದರು ಕಮಲಾಕ್ಷಮ್ಮ. "ನಡೂಕೆ ಒಂದು ಟಿಕಿ ಬತ್ತದೆ."

"ಟಿಕಿ ಎಲ್ಲೈತೆ? ಅದು ನೀನು ಬಡಿಸೋವಾಗ ಸೌಟಿನ ಸದ್ದು."

"ನಾನ್ಯಾಕ್ ಬಡುಸ್ಲಿ, ಮದ್ವೆ ಮನೇಲಿ? ದುಂ, ದುಂ, ಟಿಕಿ, ದುಂ. ಹಿಡೀರಿ ಇಬ್ರೂ ಸೇರಿ."

ಗಂಡ ದುಂ ಎಂದರು, ಹೆಂಡತಿ ಟಿಕಿ ಎಂದರು. ಫೋನು ಬಹಳ ಹೊತ್ತು ಯೋಚಿಸಿ ಏನೂ ಹೇಳದೆ ಸುಮ್ಮನಾಯಿತು. ಅದರ ವಿವೇಕವನ್ನು ನಾನು ಮೆಚ್ಚಿದೆ.

ಮರುದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ನಾನು ಅವರ ಮನೆಗೆ ಹೋದಾಗ ರೆಕಾರ್ಡು ಮೊಸರಿನ ಪಾತ್ರೆಯ ಮೇಲೆ ಮುಚ್ಚಳವಾಗಿತ್ತು. ಎತ್ತಿದರೆ, ಬಿಳಿ ಕಾಗದದ ಸುತ್ತ ಗೆರೆಯಿಲ್ಲದ ನುಣುಪು ಜಾಗದಲ್ಲಿ ಯಾರೋ ಸೂಜಿಯಿಂದ ಆಳವಾಗಿ ಗೀಚಿದ ಅಂಕಿ ಅಕ್ಷರಗಳು ಇಸ್ತ್ರಿಗೂ ಅಳಿಯದೆ ಉಳಿದಿದ್ದವು. ಶಾಸನ ಓದುವುದು ನನ್ನ ಹವ್ಯಾಸ, ಅದರ ಭೂತಗನ್ನಡಿ ನನ್ನಲ್ಲಿತ್ತು. ಹಳೇಬೀಡಿನ ಕಲ್ಲುಗಳಿಗಿಂತ ಇವು ಸುಲಭ. ರಾಹುಲನನ್ನು ಕರೆಸಿ ಓದಿ ಹೇಳಿದೆ. ಅವನು ಫೋನಿಗೆ ತುಂಬಿಸಿದ, ಆಮೇಲೆ ಎದ್ದು ನಿಂತ.

"ಅಂಕಲ್, ಇದೇನು ಗೊತ್ತಾ? ಅಮೆರಿಕದಲ್ಲಿ ಯಾರೋ ನಾಲ್ಕು ಜನ ಗೋಡೌನಲ್ಲಿ ಕುಣಿಯೋಕೆ ಅಂತ ಮಷೀನಲ್ಲಿ ಮಾಡಿದ್ದು. ಡಿಸ್ಕೋ ಸತ್ತೋದ್ಮೇಲೆ ಕ್ಲಬ್ಬುಗಳಲ್ಲಿ ಹುಟ್ಟಿದ್ದೇ ಈ ಮ್ಯೂಸಿಕ್ಕು. ಇವತ್ತು ನಾನು ಹಾಕೋದೆಲ್ಲ ಇದರ ಮೊಮ್ಮಕ್ಕಳು. ಇದಕ್ಕೆ ಜನ ಪ್ರಾಣ ಬಿಡ್ತಾರೆ."

"ಡಿಸ್ಕೋ ಯಾವಾಗ ಸತ್ತೋಯ್ತು?" ಎಂದರು ಏಕಾಂತಯ್ಯ. "ನಂಗ್ಯಾರೂ ಹೇಳ್ಲೇ ಇಲ್ವಲ್ಲ."

"ಬಿಡಿ, ಸೂತಕ ಕಳ್ದೈತೆ" ಎಂದರು ಕಮಲಾಕ್ಷಮ್ಮ.

ರಾಹುಲ್ ಅದನ್ನು ಹಾಕಿದ. ಏಕಾಂತಯ್ಯನವರು ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. "ಇದಲ್ಲಪ್ಪ. ಮುಖ ಅದೇ ಥರ ಐತೆ. ಇದು ಅದರ ತಮ್ಮ ಇರ್ಬೇಕು. ಭಾರಿ ಅವಸರದೋನು."

"ನಂಬರ್ ಅದೇ ಅಂಕಲ್. ತಮ್ಮನೂ ಇಲ್ಲ ಅಣ್ಣನೂ ಇಲ್ಲ."

ನಾನು ಓದಿದ ಸಂಖ್ಯೆ ತಪ್ಪಿರಲಾರದೆಂದು ನಾನೂ ಹೇಳಿದೆ. ಏಕಾಂತಯ್ಯನವರು ಒಪ್ಪಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ. ಇದನ್ನೇ ಹಾಕಿ ಎಂದು ಉಷಾರಾಣಿ ಹೇಳಿದ ಮೇಲೆ ಮಾತು ಮುಗಿಯಿತು.

ಮದುವೆ ಹಳೇಬೀಡಿನ ಕೆರೆ ಕಡೆಯ ಮಂಟಪದಲ್ಲಿ. ಮುಹೂರ್ತ ಮುಗಿದು ಎಲೆ ಹಾಕಿದ ಕೂಡಲೇ ರಾಹುಲನ ಫೋನಿಗೆ ತಂತಿ ಸಿಕ್ಕಿಸಿ ಏಕಾಂತಯ್ಯನವರು ಹಾರ್ನ್ ಹಚ್ಚಿದರು. ನಮ್ಮ ಕಡೆಯ ಜನ ಒಂದು ಕ್ಷಣ ತಲೆಯೆತ್ತಿ, ಆಮೇಲೆ ದಡಬಡನೆ ಎದ್ದರು. ನಡೆದುಕೊಂಡು ಹೋಗಲಿಲ್ಲ, ಓಡಿದರು. ಬಡಿಸುವವರೂ ಓಡಿದರು. ಕೋಸಂಬರಿ ಬಿದ್ದ ಎಲೆಗೆ ಪಲ್ಯ ಬರುವ ಮೊದಲೇ ಪಾಯಸ ಬಂತು. ಒಬ್ಬರು ಹೋಳಿಗೆಗೆ ಸಾರು ಕಲಸಿಕೊಂಡದ್ದು ಕಣ್ಣಿಗೆ ಬಿತ್ತು, ಅವರಿಗೆ ಗೊತ್ತಾಗಲಿಲ್ಲ. ಬೀಗರ ಕಡೆಯ ಹಿರಿಯರೊಬ್ಬರಿಗೆ ಬಿಕ್ಕಳಿಕೆ ಹತ್ತಿ, ಅದೂ ಬಡಿತಕ್ಕೆ ಸರಿಯಾಗಿ ಬರತೊಡಗಿತು. ಅಡುಗೆಯ ಷಡಕ್ಷರಪ್ಪ ಸೌಟು ಹಿಡಿದೇ ಹೊರಬಂದ.

"ಏನ್ಲಾ ಏಕಾಂತ, ಎರಡನೇ ಪಂಕ್ತಿಗೆ ಅನ್ನ ಇನ್ನೂ ಕುದೀತಾ ಐತೆ, ಮೊದಲ್ನೇ ಪಂಕ್ತಿಯೋರು ಎದ್ದು ಕೈ ತೊಳೀತಾವ್ರೆ. ಯಾರ್ ಅಟ್ಟಿಸ್ಕಂಡ್ ಬತ್ತಾವ್ರೆ?"

ಹಿಂದೆಯೇ ಉಷಾರಾಣಿ. "ಏಕಾಂತಣ್ಣ, ಇದು ಮದುವೆ ಊಟವೋ, ಅರಸೀಕೆರೆ ಪ್ಲಾಟ್‌ಫಾರಂ ಮೇಲೆ ರೈಲು ನಿಂತಿದ್ದಾಗ ತಿನ್ನೋ ಊಟವೋ? ನಿಲ್ಲಿಸಿ. ಇನ್ನುಳಿದಿದ್ದು ರಾಹುಲ್ ನೋಡ್ಕೊಳ್ಳಲಿ."

ಏಕಾಂತಯ್ಯನವರು ನಿಲ್ಲಿಸಿದರು. ತಂತಿ ಸುತ್ತತೊಡಗಿದರು. ಅದಲ್ಲ ಎಂದು ತಾವು ಮೊದಲೇ ಹೇಳಿದ್ದನ್ನು ಯಾರಿಗೂ ನೆನಪಿಸಲಿಲ್ಲ. ಇದು ಅವರ ಸ್ವಭಾವವಲ್ಲ. ಆದ್ದರಿಂದ ವಿಷಯ ಗಂಭೀರವೆಂದು ನನಗೆ ತಿಳಿಯಿತು.

ರಾಹುಲ್ ಅವರ ಹಳೆಯ ಪ್ಲೇಯರನ್ನು ಜಾಗ ಬಿಡಿಸಲು ಎತ್ತಿದವನು ನಿಂತ. ಅದರ ವೇಗ ಬದಲಿಸುವ ಕಡ್ಡಿಯನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಲಾಗಿತ್ತು.

"ಅಂಕಲ್, ಇದನ್ನ್ಯಾಕೆ ಕಟ್ಟಿದೀರಾ?"

"ಅಲುಗ್ದೆ ಇರ್ಲಿ ಅಂತ. ಚಿಕ್ಕ ರೆಕಾರ್ಡು ಜೋರಾಗಿ ತಿರುಗ್ಬೇಕು, ದೊಡ್ಡ ರೆಕಾರ್ಡು ನಿಧಾನಕ್ಕೆ. ನಂದೆಲ್ಲ ದೊಡ್ಡವು. ಅಷ್ಟೂ ಗೊತ್ತಿಲ್ವೇನಪ್ಪ?"

ರಾಹುಲ್ ಕುರ್ಚಿಯ ಮೇಲೆ ಕೂತ. "ಅಂಕಲ್, ಕ್ಲಬ್ಬಿನ ರೆಕಾರ್ಡು ದೊಡ್ಡದಿದ್ರೂ ಜೋರಾಗೇ ತಿರುಗ್ಬೇಕು. ನಿಮಿಷಕ್ಕೆ ನಲವತ್ತೈದು ಸುತ್ತಿನದ್ದನ್ನ ನೀವು ಮೂವತ್ತಮೂರಲ್ಲಿ ಹಾಕಿದೀರಾ. ಇಷ್ಟೂ ವರ್ಷ. ತಪ್ಪು ಸ್ಪೀಡು."

ಏಕಾಂತಯ್ಯನವರು ಸುತ್ತುತ್ತಿದ್ದ ತಂತಿಯನ್ನು ಕೆಳಗಿಟ್ಟರು.

"ತಪ್ಪು ಅಂದ್ಯಾ? ಉಷಮ್ಮ, ನಿನ್ನ ಮದ್ವೇಲಿ ಜನ ಹೆಂಗುಂಡ್ರು?"

"ನಿಧಾನವಾಗಿ" ಎಂದರು ಉಷಾರಾಣಿ.

"ಯಾರ್ಗಾದ್ರೂ ಬಿಕ್ಕಳಿಕೆ ಬಂತಾ?"

"ಇಲ್ಲ."

"ಹಂಗಾದ್ರೆ ಗೋಡೌನ್ನೋರು ತಪ್ಪಾಗಿ ಹಾಕವ್ರೆ. ಅವ್ರು ಊಟ ಹಾಕ್ಸಿರಲ್ಲ, ಅದಕ್ಕೆ ಗೊತ್ತಾಗಿಲ್ಲ. ನಿಧಾನ ಮಾಡಪ್ಪ ರಾಹುಲ್, ಆಯ್ತದಾ?"

ರಾಹುಲ್ ಹಾಡು ನಡೆಸುವ ಕನ್ಸೋಲಿನಲ್ಲಿ ವೇಗ ಇಳಿಸುವ ಒಂದು ಗುಬಟು ಇತ್ತು. ಅವನು ಅದನ್ನು ಸರಿಸುತ್ತಾ ಹೋದ, ಏಕಾಂತಯ್ಯನವರು ಕಣ್ಣು ಮುಚ್ಚಿ "ಇನ್ನೂ, ಇನ್ನೂ" ಎನ್ನುತ್ತಾ ಹೋದರು, ಕಮಲಾಕ್ಷಮ್ಮ ಹೆಂಗಸರ ಕಡೆಯಿಂದ "ಬಂತು ನೋಡ್ರಿ ಟಿಕಿ" ಎಂದಲ್ಲಿಗೆ ನಿಂತಿತು. ಎರಡನೆಯ ಪಂಕ್ತಿಯವರು ನಡೆದುಕೊಂಡು ಬಂದರು. ಕುಳಿತರು. ಎಲೆಗೆ ನೀರು ಚಿಮುಕಿಸಿ ಕಾದರು. ಷಡಕ್ಷರಪ್ಪನ ಅನ್ನ ಬೆಂದಿತು. ಸಾರಿಗೆ ಎರಡನೆಯ ಸಲ, ಹೋಳಿಗೆಗೆ ಮೂರನೆಯ ಸಲ ಕೈ ಒಡ್ಡಿದರು.

ರಾಹುಲನಿಗೆ ಆ ನಿಧಾನದ ಸದ್ದು ತಲೆಗೆ ಹತ್ತಿತು. "ಇದು ಬೇರೆ ಲೆವೆಲ್ ಅಂಕಲ್, ಸಂಜೆ ಡ್ಯಾನ್ಸಿಗೆ ಇದನ್ನೇ ಹಾಕ್ತೀನಿ" ಎಂದ. ಬೇಡಪ್ಪಾ ಎಂದರೂ ಕೇಳಲಿಲ್ಲ. ಸಂಜೆ ಬಣ್ಣದ ದೀಪ ತಿರುಗುತ್ತಿದ್ದಾಗ ಹಾಕಿದ. ಬೆಂಗಳೂರಿನವರು ಕುಣಿಯಲು ಕೈಯೆತ್ತಿದರು. ಉಳಿದವರೆಲ್ಲ, ವೇದಿಕೆಯ ಮೇಲೆ ಫೋಟೋಗೆ ನಿಂತಿದ್ದ ಚಿಕ್ಕಪ್ಪಂದಿರೂ ಸೇರಿ, ಸಾಲಾಗಿ ಊಟದ ಹಾಲಿಗೆ ಹೋಗಿ, ಖಾಲಿ ಮೇಜುಗಳ ಮುಂದೆ ಕುಳಿತರು. ಒಳಗೆ ಇನ್ನೂ ಈರುಳ್ಳಿ ಹೆಚ್ಚುತ್ತಿದ್ದರು. ಕುಳಿತವರನ್ನು ಎಬ್ಬಿಸಿ ಕಳುಹಿಸುವುದು ಉಷಾರಾಣಿಯಿಂದಲೂ ಆಗಲಿಲ್ಲ.

ಈಗ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಪೆಟ್ಟಿಗೆ, ದೀಪ, ಕನ್ಸೋಲು ರಾಹುಲನವು. ಅವುಗಳ ಮೇಲೆ ಒಂದು ಹಾರ್ನ್ ಮಾತ್ರ ಏಕಾಂತಯ್ಯನವರದು. ಹಿರಿಯಣ್ಣ ಹೇಳಿ ಕಳುಹಿಸುವುದನ್ನು ನಿಲ್ಲಿಸಿದ್ದಾರೆ. ಎಲೆ ಹಾಕುವ ಮೊದಲು ಆ ಸದ್ದು ಹೊರಡಬಾರದೆಂಬುದು ಏಕಾಂತಯ್ಯನವರ ಷರತ್ತು. ಮೊನ್ನೆ ಅಂಗಡಿಯಲ್ಲಿ ಕನ್ಸೋಲು ನೋಡಿದೆ. ವೇಗದ ಗುಬಟನ್ನು ಕೆಂಪು ಇನ್ಸುಲೇಷನ್ ಟೇಪಿನಿಂದ, ಅದರ ಮೇಲೆ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದಾರೆ. ಬಿಚ್ಚಲು ರಾಹುಲನಿಗೆ ಅನುಮತಿ ಇಲ್ಲ. ಅವನ ಬೇರೆ ಹಾಡುಗಳೂ ಈಗ ಅದೇ ನಿಧಾನದಲ್ಲಿ ಬರುತ್ತವೆ. ಎದುರು ಮನೆಯವಳಾಗಿ ಹೇಳುವುದಾದರೆ, ಇದು ಸುಧಾರಣೆ. ಮೂರನೆಯ ದೂರನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.